ಸಂದರ್ಶನದ ತಯಾರಿ: ‘ಮಾಡಲಾಯಿತು’ ಎಂದರೆ ಮಾಡಿದವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂದರ್ಶನದ ಬಗ್ಗೆಯೇ ಇವೆ. ಮೊದಲ ಇಂಟರ್ನ್‌ಶಿಪ್‌ಗೆ ಹೊರಟವರು, ವರ್ಷಗಳ ಬಿಡುವಿನ ನಂತರ ಮತ್ತೆ ಕೆಲಸ ಹುಡುಕುತ್ತಿರುವವರು, ಮಗನ ಚಿಂತೆಯಲ್ಲಿ ನಿದ್ದೆಗೆಟ್ಟಿರುವ ತಾಯಿ, ಎಲ್ಲರೂ ಬರೆದಿದ್ದಾರೆ. 22 ವರ್ಷ ನಾನು ಪ್ರಶ್ನೆ ಕೇಳುವವರ ಸಾಲಿನಲ್ಲಿ ಕುಳಿತವಳು. ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಒಳಗೆ ಬರುವ ನಡುವೆ ನೋಟ್‌ಬುಕ್‌ನಲ್ಲಿ ಒಂದೇ ಒಂದು ಸಾಲು ಬರೆದಿಡುವುದು ನನ್ನ ರೂಢಿಯಾಗಿತ್ತು. ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಯಾವುದೋ ಅದನ್ನಷ್ಟೇ ಬರೆಯುತ್ತಿದ್ದೆ. ಈ ಉತ್ತರಗಳಿಗೆ ಕೂರುವ ಮೊದಲು ಆ ನೋಟ್‌ಬುಕ್‌ಗಳನ್ನು ಹೊರತೆಗೆದು ಇನ್ನೊಮ್ಮೆ ಓದಿದೆ.

ಪ್ರಶ್ನೆ: ನಾನು ಪದವಿಯ ಅಂತಿಮ ವರ್ಷದಲ್ಲಿದ್ದೇನೆ. ಮುಂದಿನ ತಿಂಗಳು ಇಂಟರ್ನ್‌ಶಿಪ್ ಸಂದರ್ಶನವಿದೆ. ‘ನಿಮ್ಮ ಬಗ್ಗೆ ಹೇಳಿ’ ಎಂದು ಮೊದಲು ಕೇಳುತ್ತಾರಂತೆ. ನನಗೆ ಕೆಲಸದ ಅನುಭವ ಏನೂ ಇಲ್ಲ. ‘ನಾನು ಪರಿಶ್ರಮಿ, ಬೇಗ ಕಲಿಯುತ್ತೇನೆ, ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ’ ಎಂದು ಬರೆದಿಟ್ಟುಕೊಂಡಿದ್ದೇನೆ. ಇಷ್ಟು ಸಾಕೇ?

ಉತ್ತರ: ಸಾಲದು ತಂಗಿ. ‘ಪರಿಶ್ರಮಿ’ ಎಂಬ ಪದ ನನ್ನ ನೋಟ್‌ಬುಕ್‌ಗಳಲ್ಲಿ ಒಂದು ಕಡೆಯೂ ಸಿಗಲಿಲ್ಲ. ಬಂದವರಲ್ಲಿ ಬಹುಪಾಲು ಜನ ಆ ಮಾತನ್ನು ಹೇಳಿಯೇ ಇದ್ದರು. ಎಲ್ಲರೂ ಹೇಳುವ ಮಾತಿನಿಂದ ಯಾರ ಗುರುತೂ ಸಿಗುವುದಿಲ್ಲ.

ಸಿಕ್ಕ ಸಾಲುಗಳಲ್ಲಿ ಒಂದು ಹೀಗಿದೆ: ‘ಎರಡು ಟಿಕೆಟ್ ಪುಸ್ತಕ, ಒಂದೇ ನಂಬರು’. ಓದಿದ ಕೂಡಲೇ ಆ ಹುಡುಗಿಯ ಮುಖ ಕಣ್ಣೆದುರು ಬಂತು. ಲೆಕ್ಕಪತ್ರ ವಿಭಾಗದ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಮೊದಲ ಐದು ನಿಮಿಷ ನೀವು ಬರೆದಿಟ್ಟುಕೊಂಡಂಥದ್ದನ್ನೇ ಒಪ್ಪಿಸಿದಳು. ಅವಳನ್ನು ಹಾಗೆಯೇ ಕಳುಹಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ‘ಲೆಕ್ಕ ತಾಳೆಯಾಗದೆ ಒದ್ದಾಡಿದ್ದು ಎಂದಾದರೂ ಉಂಟೇ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದಳು. ಕಾಲೇಜಿನ ನಾಟಕಕ್ಕೆ ಟಿಕೆಟ್ ಮಾರಾಟದ ಹೊಣೆ ಅವಳದಾಗಿತ್ತು. ಪ್ರದರ್ಶನ ಮುಗಿದ ಮೇಲೆ ಎಣಿಸಿದರೆ, ನೋಂದಣಿ ಪುಸ್ತಕದಲ್ಲಿ ಇರುವುದಕ್ಕಿಂತ 50 ಟಿಕೆಟ್‌ಗಳ ಹಣ ಹೆಚ್ಚಿತ್ತು. ‘ಕಡಿಮೆಯಾಗಿಲ್ಲವಲ್ಲ, ಬಿಡು’ ಎಂದು ಗೆಳೆಯರು ಮನೆಗೆ ಹೊರಟರು. ಇವಳು ಟಿಕೆಟ್ ಹರಿದ ಮೇಲೆ ಪುಸ್ತಕದಲ್ಲಿ ಉಳಿಯುವ ಚೂರುಗಳನ್ನೆಲ್ಲ ನೆಲದ ಮೇಲೆ ನಂಬರಿನ ಪ್ರಕಾರ ಜೋಡಿಸಿದಳು. 201ರಿಂದ 250ರವರೆಗಿನ ನಂಬರುಗಳು ಎರಡೆರಡು ಸಲ ಬಂದವು. ಮುದ್ರಣದವರು ಎರಡು ಪುಸ್ತಕಗಳಿಗೆ ಒಂದೇ ಸರಣಿ ಹಾಕಿದ್ದರು. ‘ಹೆಚ್ಚಾದ ಹಣವೂ ತಪ್ಪು ಲೆಕ್ಕವೇ ಅಲ್ಲವೇ ಮೇಡಂ’ ಎಂದಳು.

ಅಂದು ನಾವು ಆಯ್ಕೆ ಮಾಡಿದ್ದು ಅವಳನ್ನೇ. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ‘ಅದು ಕೆಲಸದ ಅನುಭವವಲ್ಲವಲ್ಲ’ ಎಂದಳು. ನಿಮ್ಮ ಪತ್ರ ಓದುವಾಗ ನನಗೆ ಆ ಮಾತೇ ನೆನಪಾಯಿತು. ಸಂಬಳ ಸಿಕ್ಕಿದ್ದರೆ ಮಾತ್ರ ಅನುಭವ ಎಂದು ನಿಮಗೆ ಹೇಳಿಕೊಟ್ಟವರು ಯಾರು?

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ನಿಮ್ಮ ತಲೆಯ ಮೇಲೆ ಬಿದ್ದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರಮಾಣಪತ್ರ ಸಿಕ್ಕಿದ್ದನ್ನು ಆಮೇಲೆ ಬರೆದರಾಯಿತು, ತೊಡಕು ಬಂದದ್ದನ್ನು ಮೊದಲು ಬರೆಯಿರಿ. ಪ್ರಯೋಗ ಕೈಕೊಟ್ಟ ದಿನ, ತಂಡದಲ್ಲಿ ಇಬ್ಬರು ಮಾತು ಬಿಟ್ಟ ವಾರ, ಸಲ್ಲಿಸುವ ಹಿಂದಿನ ರಾತ್ರಿ ಕಡತ ಅಳಿಸಿಹೋದ ಸಂಗತಿ, ಇಂಥವು. ಐದಾರು ಸಿಗುತ್ತವೆ. ಒಂದೊಂದರ ಮುಂದೆಯೂ ನಾಲ್ಕು ವಿಷಯ ಗುರುತು ಮಾಡಿಕೊಳ್ಳಿ: ಸಂದರ್ಭ ಏನು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ನೇಮಕಾತಿ ವಲಯದಲ್ಲಿ ಇದನ್ನು ‘ಸ್ಟಾರ್’ ವಿಧಾನ ಎನ್ನುತ್ತಾರೆ, 1970ರ ದಶಕದಿಂದಲೂ ಬಳಕೆಯಲ್ಲಿದೆ. ಹೆಚ್ಚಿನವರು ಸಂದರ್ಭ ವಿವರಿಸುವುದರಲ್ಲೇ ಸಮಯ ಕಳೆದು, ಮೂರನೆಯದಕ್ಕೆ ಬರುವ ಹೊತ್ತಿಗೆ ಮಾತು ಮುಗಿಸಿಬಿಡುತ್ತಾರೆ. ಸಂದರ್ಭಕ್ಕೆ ಎರಡು ವಾಕ್ಯ ಸಾಕು. ನಾವು ಕಿವಿಗೊಟ್ಟು ಕಾಯುವುದು ಆ ಮೂರನೆಯದಕ್ಕೇ.

‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಒಂದೂವರೆ ನಿಮಿಷದ ಉತ್ತರ ಸಾಕು. ಏನು ಓದುತ್ತಿದ್ದೀರಿ, ಅದರಲ್ಲಿ ಯಾವುದು ನಿಮ್ಮನ್ನು ಹಿಡಿದಿಟ್ಟಿದೆ, ನಿಮ್ಮ ಕೈಯಾರೆ ಮಾಡಿದ ಒಂದು ಕೆಲಸ, ಈ ಇಂಟರ್ನ್‌ಶಿಪ್‌ನಲ್ಲಿ ಏನು ಕಲಿಯಬೇಕೆಂದಿದ್ದೀರಿ. ಹುಟ್ಟಿದ ಊರು, ಮನೆಯವರ ಉದ್ಯೋಗ, ಹವ್ಯಾಸಗಳ ಪಟ್ಟಿ ಬೇಕಾಗಿಲ್ಲ.

ಪ್ರಶ್ನೆ: ನಾವು ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟ್ ನನ್ನ ಬಯೋಡೇಟಾದಲ್ಲಿದೆ. ಇತ್ತೀಚಿನ ಸಂದರ್ಶನದಲ್ಲಿ ಅದರ ಬಗ್ಗೆ ಹತ್ತು ನಿಮಿಷ ಮಾತನಾಡಿದೆ. ಆದರೂ ‘ಸ್ಪಷ್ಟವಾಗಲಿಲ್ಲ’ ಎಂದರು. ಎಲ್ಲಿ ಎಡವಿದೆ?

ಉತ್ತರ: ನೀವು ಲಗತ್ತಿಸಿರುವ ಬಯೋಡೇಟಾ ಓದಿದೆ. ‘ಮಾಹಿತಿ ಸಂಗ್ರಹಿಸಲಾಯಿತು. ವಿಶ್ಲೇಷಣೆ ಕೈಗೊಳ್ಳಲಾಯಿತು. ವರದಿ ಸಿದ್ಧಪಡಿಸಲಾಯಿತು.’ ಮೂರು ವಾಕ್ಯಗಳಲ್ಲಿಯೂ ಕೆಲಸವಿದೆ, ಮಾಡಿದವರು ಕಾಣಿಸುವುದಿಲ್ಲ. ಕಚೇರಿಯ ಪತ್ರಗಳಿಂದ ಈ ‘ಲಾಯಿತು’ ನಮ್ಮ ಬರವಣಿಗೆಗೆ ಬಂದು ಅಲ್ಲಿಂದ ಬಾಯಿಗೂ ಇಳಿದಿದೆ.

ನನಗೂ ಇದೇ ಆಗಿತ್ತು. ನನ್ನ ಮೊದಲ ಸಂದರ್ಶನದಲ್ಲಿ ‘ನಾವು ಸಮೀಕ್ಷೆ ಮಾಡಿದೆವು, ನಾವು ಕೋಷ್ಟಕ ತಯಾರಿಸಿದೆವು’ ಎಂದು ಹೇಳುತ್ತಾ ಹೋದೆ. ಎದುರಿಗಿದ್ದ ಹಿರಿಯರು ಪೆನ್ನು ಕೆಳಗಿಟ್ಟು, ‘ಕೋಷ್ಟಕದ ಮೊದಲ ಸಾಲನ್ನು ಬರೆದವರು ಯಾರು?’ ಎಂದು ಮೆಲ್ಲನೆ ಕೇಳಿದರು. ಬರೆದವಳು ನಾನೇ. ಆದರೆ ‘ನಾನು’ ಎನ್ನಲು ನನ್ನ ನಾಲಿಗೆ ಏಳಲಿಲ್ಲ, ಗೆಳತಿಯರಿಗೆ ಅನ್ಯಾಯ ಮಾಡಿದಂತೆ ಅನ್ನಿಸಿತು. ‘ಎಲ್ಲರೂ ಸೇರಿ’ ಎಂದೆ. ಆ ಕೆಲಸ ನನಗೆ ಸಿಗಲಿಲ್ಲ. ವಿನಯವೆಂದು ನಾನು ತಿಳಿದದ್ದು ಅವರಿಗೆ ಅರಿವಿಲ್ಲದಿರುವಿಕೆಯಂತೆ ಕಂಡಿರಬೇಕು ಎಂದು ಆ ಕುರ್ಚಿಯಲ್ಲಿ ಕುಳಿತ ಮೇಲಷ್ಟೇ ನನಗೆ ಅರ್ಥವಾಯಿತು.

ನಾಲ್ವರ ಪಾಲನ್ನೂ ಒಂದೊಂದು ವಾಕ್ಯದಲ್ಲಿ ಹೇಳಿ, ಆಮೇಲೆ ನಿಮ್ಮದನ್ನು ಬಿಡಿಸಿ ಹೇಳಿ. ‘ಒಬ್ಬರು ಪ್ರಶ್ನಾವಳಿ ರೂಪಿಸಿದರು, ಇಬ್ಬರು ಜನರನ್ನು ಮಾತನಾಡಿಸಿದರು. ಬಂದ ಉತ್ತರಗಳನ್ನು ಜರಡಿ ಹಿಡಿಯುವ ಕೆಲಸ ನನ್ನದು. ಅದರಲ್ಲಿ ಇಂಥ ತೊಂದರೆ ಬಂತು, ಹೀಗೆ ಸರಿಪಡಿಸಿದೆ.’ ಇದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಇತರರ ಪಾಲನ್ನು ಹೆಸರಿಸಿ ಕೊಟ್ಟವರೇ ತಂಡದಲ್ಲಿ ಬಾಳುವವರು ಎಂಬುದು ಕೇಳುವವರಿಗೆ ಗೊತ್ತಾಗುತ್ತದೆ. ಇಂದು ರಾತ್ರಿಯೇ ಆ ಮೂರು ವಾಕ್ಯಗಳನ್ನು ‘ಸಂಗ್ರಹಿಸಿದೆ’, ‘ವಿಶ್ಲೇಷಿಸಿದೆ’, ‘ಬರೆದೆ’ ಎಂದು ತಿದ್ದಿ ನೋಡಿ. ಯಾವುದನ್ನು ತಿದ್ದಲು ಮನಸ್ಸು ಒಪ್ಪುವುದಿಲ್ಲವೋ ಅದು ನಿಮ್ಮ ಕೆಲಸವಲ್ಲ. ಅದನ್ನು ತೆಗೆದುಬಿಡಿ.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿ ಹೇಳುತ್ತೇನೆ. ಅಲ್ಲಿ ಕುಳಿತ ಕೂಡಲೇ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ತಲೆಯಲ್ಲಿ ಏನೂ ಇರುವುದಿಲ್ಲ. ಮನಸ್ಸನ್ನು ಶಾಂತವಾಗಿಟ್ಟುಕೊಳ್ಳುವುದು ಹೇಗೆ?

ಉತ್ತರ: ಶಾಂತವಾಗಿಟ್ಟುಕೊಳ್ಳುವ ಪ್ರಯತ್ನವನ್ನೇ ಬಿಡಿ. ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರಿಗೆ ಹಾಡುವುದು, ಭಾಷಣ ಮಾಡುವುದು, ಗಣಿತ ಬಿಡಿಸುವುದು ಮುಂತಾದ ನಡುಕ ಹುಟ್ಟಿಸುವ ಕೆಲಸಗಳನ್ನು ಕೊಟ್ಟಿದ್ದರು. ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಉತ್ಸಾಹವಾಗಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಇದರ ಹಿಂದಿನ ಕಾರಣ ಸರಳವಾಗಿದೆ. ಹೆದರಿಕೆಯಲ್ಲಿಯೂ ಉತ್ಸಾಹದಲ್ಲಿಯೂ ಎದೆ ಬಡಿದುಕೊಳ್ಳುವುದು ಒಂದೇ ರೀತಿ. ಓಡುತ್ತಿರುವ ಎದೆಯನ್ನು ತಟಕ್ಕನೆ ನಿಲ್ಲಿಸುವುದು ಕಷ್ಟ. ಅದರ ಓಟಕ್ಕೆ ಬೇರೆ ಹೆಸರು ಕೊಡುವುದು ಅಷ್ಟು ಕಷ್ಟವಲ್ಲ.

ಇನ್ನು ತಲೆ ಬರಿದಾಗುವುದು. ಒಬ್ಬ ಹುಡುಗ ನೀರಿನ ಲೋಟ ಎತ್ತಿಕೊಂಡ. ಕೈ ನಡುಗಿ ಲೋಟದ ಅಂಚು ಹಲ್ಲಿಗೆ ತಗಲಿದ ಸದ್ದು ನಮಗೆ ಕೇಳಿಸಿತು. ಲೋಟ ಕೆಳಗಿಟ್ಟು, ‘ದಯವಿಟ್ಟು ಸ್ವಲ್ಪ ಸಮಯ ಕೊಡಿ, ಯೋಚಿಸಿ ಹೇಳುತ್ತೇನೆ’ ಎಂದ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು, 20 ಸೆಕೆಂಡು ಆಯಿತು. ಅವನಿಗೆ ಅದು 20 ನಿಮಿಷವೆನ್ನಿಸಿರಬಹುದು. ನಮಗೆ ಅದು ಯೋಚಿಸುವ ಮನುಷ್ಯನನ್ನು ನೋಡಿದಂತೆ ಇತ್ತು. ಅವನ ಸಾಲಿನಲ್ಲಿ ನಾನು ಬರೆದದ್ದು: ‘ಗೊತ್ತಿಲ್ಲದ್ದನ್ನು ಊಹಿಸಿ ಹೇಳಲಿಲ್ಲ, ಕಾದು ಹೇಳಿದ’. ಆ ಒಂದು ವಾಕ್ಯವನ್ನು ನೀವೂ ಬಾಯಿಗೆ ರೂಢಿ ಮಾಡಿಕೊಳ್ಳಿ. ಅದಿದ್ದರೆ ಬರಿದಾದ ತಲೆಯೂ ಹೆದರಿಸುವುದಿಲ್ಲ.

ಹಿಂದಿನ ದಿನ ಆ ಜಾಗಕ್ಕೆ ಒಮ್ಮೆ ಹೋಗಿ ಬಂದರೆ ಒಳ್ಳೆಯದು. ಆನ್‌ಲೈನ್ ಸಂದರ್ಶನವಾದರೆ ಅದೇ ಕುರ್ಚಿ, ಅದೇ ಕ್ಯಾಮೆರಾ, ಅದೇ ಹೊತ್ತಿನ ಬೆಳಕಿನಲ್ಲಿ ಸ್ನೇಹಿತರೊಬ್ಬರೊಡನೆ ಹತ್ತು ನಿಮಿಷ ಮಾತನಾಡಿ ನೋಡಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ಎದುರಿನಿಂದ ಬರುವಂತೆ ಕೂರಿ.

ಪ್ರಶ್ನೆ: ನನ್ನ ಮಗ ಎರಡು ವಾರದಿಂದ ಕೋಣೆ ಬಿಟ್ಟು ಬರುತ್ತಿಲ್ಲ. ಕೃತಕ ಬುದ್ಧಿಮತ್ತೆಯ ಆ್ಯಪ್‌ನಿಂದ 100 ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು ಓದುತ್ತಿದ್ದಾನೆ. ಓದುವುದೇನೋ ಓದುತ್ತಾನೆ, ಆದರೆ ನನ್ನ ಮುಂದೆ ಹೇಳು ಎಂದರೆ ರೇಗುತ್ತಾನೆ. ತಾಯಿಯಾಗಿ ನಾನೇನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಆತಂಕದಲ್ಲಿ ಹುರುಳಿದೆ. ಮಗ ಶ್ರಮಪಡುತ್ತಿದ್ದಾನೆ, ಅದಕ್ಕೆ ಮೊದಲು ಅವನನ್ನು ಮೆಚ್ಚಿಕೊಳ್ಳಿ. ಆದರೆ ಓದುವುದೇ ಬೇರೆ, ಹೇಳುವುದೇ ಬೇರೆ. ಮರೆವಿನ ಬಗ್ಗೆ ಕೆಲಸ ಮಾಡಿದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದೆ ಬಂದಿದ್ದರು. ಮಗನ ಎರಡು ವಾರ ಈಗ ಮೊದಲ ಗುಂಪಿನವರ ದಾರಿಯಲ್ಲಿದೆ.

ಆ ಯಂತ್ರ ಬರೆದುಕೊಟ್ಟ ಉತ್ತರಗಳ ದೊಡ್ಡ ಕೊರತೆ, ಅವುಗಳೊಳಗೆ ನಿಮ್ಮ ಮಗನಿಲ್ಲ ಎಂಬುದು. ‘ಒತ್ತಡದಲ್ಲಿ ಆದ್ಯತೆಗಳನ್ನು ನಿಗದಿಪಡಿಸಿಕೊಳ್ಳುತ್ತೇನೆ’ ಎಂದು ಹೇಳಿದವರನ್ನು ನಾನು ಎರಡನೆಯ ಪ್ರಶ್ನೆ ಕೇಳುತ್ತಿದ್ದೆ: ‘ಕಳೆದ ಸಲ ಯಾವ ಕೆಲಸವನ್ನು ಪಕ್ಕಕ್ಕಿಟ್ಟಿರಿ? ಅದನ್ನು ಇಟ್ಟಿದ್ದಕ್ಕೆ ಯಾರು ಬೇಸರಪಟ್ಟರು?’ ಗಿಣಿಪಾಠ ಅಲ್ಲಿಗೆ ನಿಂತುಹೋಗುತ್ತಿತ್ತು. ಮೊದಲ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿರುತ್ತದೆ, ಎರಡನೆಯದಕ್ಕೆ ಆ ಕೆಲಸ ಮಾಡಿದವರ ಬಳಿ ಮಾತ್ರ. ಯಂತ್ರವನ್ನು ಬಿಡು ಎಂದು ಅವನಿಗೆ ಹೇಳಬೇಡಿ. ಕೆಲಸವನ್ನು ತಿರುಗಿಸಿ ಕೊಡುವಂತೆ ಹೇಳಿ. ಅದು ಪ್ರಶ್ನೆ ಕೇಳಲಿ, ಇವನು ಬಾಯಿಂದ ಉತ್ತರಿಸಲಿ. ಅವನ ಉತ್ತರದಲ್ಲಿ ಎಲ್ಲಿ ವಿವರ ಸಾಲದು ಎಂದು ಅದು ಮತ್ತೆ ಕೇಳಲಿ.

ನಿಮ್ಮ ಮುಂದೆ ಹೇಳಲು ರೇಗುವುದು ಸಹಜ. ತಾಯಿಯ ಎದುರು ತಪ್ಪುವುದು ಮಕ್ಕಳಿಗೆ ತುಂಬ ನೋವಿನ ಸಂಗತಿ. ಪರೀಕ್ಷೆ ಮಾಡುವಂತೆ ಕೇಳಬೇಡಿ. ರಾತ್ರಿ ಪಕ್ಕದಲ್ಲಿ ಕುಳಿತು, ‘ಆ ಪ್ರಾಜೆಕ್ಟ್ ಸಮಯದಲ್ಲಿ ರಾತ್ರಿಯಿಡೀ ಎದ್ದಿದ್ದೆಯಲ್ಲ, ಏನಾಗಿತ್ತು ಆಗ? ನನಗೆ ತಿಳಿಯಲೇ ಇಲ್ಲ’ ಎಂದು ಕೇಳಿ ನೋಡಿ. ಅವನು ವಿಷಯ ಗೊತ್ತಿಲ್ಲದ ನಿಮಗೆ ಅರ್ಥವಾಗುವಂತೆ ಅದನ್ನು ಹೇಳಬಲ್ಲನಾದರೆ ಅಲ್ಲಿಯೂ ಹೇಳಬಲ್ಲ.

ಪ್ರಶ್ನೆ: 60 ಕಡೆ ಅರ್ಜಿ ಹಾಕಿದ್ದೇನೆ, ಮೂರು ಕಡೆ ಮಾತ್ರ ಕರೆದರು. ಬಯೋಡೇಟಾ ಚೆನ್ನಾಗಿಯೇ ಇದೆ.

ಉತ್ತರ: 60 ಕಡೆಗೂ ಕಳುಹಿಸಿದ್ದು ಒಂದೇ ಬಯೋಡೇಟಾ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಕಾರಣ ಅಲ್ಲಿದೆ.

ಸುಮಾರು 1482ರಲ್ಲಿ, 30 ವರ್ಷದ ಆಸುಪಾಸಿನಲ್ಲಿದ್ದ ಲಿಯೊನಾರ್ಡೊ ಡಾ ವಿಂಚಿ ಮಿಲಾನ್‌ನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆಸಿದ ಪತ್ರದ ಕರಡು ಉಳಿದುಬಂದಿದೆ. ಅದರಲ್ಲಿ ತನ್ನ ಸಾಮರ್ಥ್ಯಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಸುಲಭವಾಗಿ ಹೊತ್ತೊಯ್ಯಬಲ್ಲ ಹಗುರ ಸೇತುವೆಗಳು, ಮುತ್ತಿಗೆಯ ಸಮಯದಲ್ಲಿ ಕಂದಕದ ನೀರು ತೆಗೆಯುವ ಉಪಾಯ, ಫಿರಂಗಿಗಳು, ಸದ್ದಿಲ್ಲದೆ ಸುರಂಗ ತೋಡುವ ಬಗೆ. ಚಿತ್ರಕಲೆಯ ಮಾತು ಬರುವುದು ತೀರಾ ಕೊನೆಗೆ. ಲೋಕ ಇಂದು ಅವನನ್ನು ನೆನೆಯುವುದು ಚಿತ್ರಗಳಿಂದ. ಆದರೆ ಯುದ್ಧಗಳ ನಡುವೆ ಇದ್ದ ಸ್ಫೋರ್ಜಾಗೆ ಆಗ ಬೇಕಾಗಿದ್ದದ್ದು ಸೇತುವೆ ಮತ್ತು ಫಿರಂಗಿ. ಪತ್ರದ ಕೊನೆಯಲ್ಲಿ, ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ಕಂಡರೆ ನೀವು ಹೇಳಿದಲ್ಲಿ ಮಾಡಿ ತೋರಿಸುತ್ತೇನೆ ಎಂದೂ ಸೇರಿಸುತ್ತಾನೆ. ನನಗೆ ಆ ಪತ್ರದಲ್ಲಿ ಅತ್ಯಂತ ಇಷ್ಟವಾದದ್ದು ಈ ಮಾತು.

ನೀವೂ ಪ್ರತಿ ಜಾಹೀರಾತನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಅವರು ಹೇಳಿರುವ ಕೆಲಸಗಳ ಅಡಿ ಗೆರೆ ಎಳೆಯಿರಿ. ನಿಮ್ಮ ಬಳಿ ಇರುವುದರಲ್ಲಿ ಅದಕ್ಕೆ ಹತ್ತಿರವಾದದ್ದನ್ನು ಮೊದಲ ಅರ್ಧ ಪುಟಕ್ಕೆ ತನ್ನಿ. ಇಲ್ಲದ್ದನ್ನು ಸೇರಿಸಬೇಡಿ, ಇರುವುದರ ಕ್ರಮ ಬದಲಿಸಿ. ವಾರಕ್ಕೆ 15 ಅರ್ಜಿಗಳ ಬದಲು ನಾಲ್ಕು ಹಾಕಿ.

ಪ್ರಶ್ನೆ: ಒಗಟಿನಂಥ ಪ್ರಶ್ನೆ, ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ಎಷ್ಟು ಸಮಯ ಕೊಡಬೇಕು?

ಉತ್ತರ: ಆ ಕೆಲಸಕ್ಕೆ ಅಂಥ ಲಿಖಿತ ಪರೀಕ್ಷೆ ಇದ್ದರೆ ಅದಕ್ಕೆ ಓದಲೇಬೇಕು. ಇಲ್ಲದಿದ್ದರೆ ತೀರಾ ಕಡಿಮೆ. ಥಾಮಸ್ ಎಡಿಸನ್ ತನ್ನಲ್ಲಿ ಕೆಲಸ ಕೇಳಿ ಬಂದವರಿಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯನ್ನೇ ಕೊಡುತ್ತಿದ್ದ. 1921ರಲ್ಲಿ ಅದು ಪತ್ರಿಕೆಗಳಲ್ಲಿ ಪ್ರಕಟವಾಗಿ ದೊಡ್ಡ ಗದ್ದಲವಾಯಿತು. ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದ ಐನ್‌ಸ್ಟೈನ್‌ಗೆ ಅದರಲ್ಲಿನ ಒಂದು ಪ್ರಶ್ನೆ ಕೇಳಿದರು: ಶಬ್ದದ ವೇಗವೆಷ್ಟು? ಪುಸ್ತಕದಲ್ಲಿ ಸುಲಭವಾಗಿ ಸಿಗುವ ಅಂಥ ಮಾಹಿತಿಯನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದು ಅವರು ಉತ್ತರಿಸಿದರು. ಒಗಟುಗಳಿಗೆ ಹೆಸರಾಗಿದ್ದ ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲ್ಯಾಸ್ಲೊ ಬಾಕ್ ಕೂಡ 2013ರಲ್ಲಿ, ಅವು ಬರಿಯ ಕಾಲಹರಣ, ಅವುಗಳಿಂದ ಏನೂ ತಿಳಿಯುವುದಿಲ್ಲ ಎಂದು ಒಪ್ಪಿಕೊಂಡರು. ಒಂದು ವೇಳೆ ಕೇಳಿದರೆ, ಹೇಗೆ ಯೋಚಿಸುತ್ತಿದ್ದೀರಿ ಎಂಬುದನ್ನು ಜೋರಾಗಿ ಹೇಳುತ್ತಾ ಹೋಗಿ.

ಪ್ರಶ್ನೆ: ಸಂದರ್ಶನ ನಡೆಯುವ ಭಾಷೆ ನನ್ನ ಭಾಷೆಯಲ್ಲ. ಕೆಲಸ ಬಲ್ಲೆ, ಮಾತು ಬಾರದು.

ಉತ್ತರ: ನಿಮ್ಮ ಪತ್ರದ ಈ ಎರಡನೆಯ ವಾಕ್ಯ ನನ್ನನ್ನು ತುಂಬ ಹೊತ್ತು ಕಾಡಿತು. ಇಷ್ಟು ಚೊಕ್ಕವಾಗಿ ಬರೆಯಬಲ್ಲವರಿಗೆ ಮಾತು ಬಾರದು ಎಂದು ನಾನು ಒಪ್ಪುವುದಿಲ್ಲ. ಬಾರದಿರುವುದು ಆ ಒಂದು ಭಾಷೆ, ಅದೂ ಪೂರ್ತಿ ಬಾರದೇನಲ್ಲ.

ಇಡೀ ಭಾಷೆಯನ್ನು ಒಂದು ತಿಂಗಳಲ್ಲಿ ಕಲಿಯಲು ಹೋಗಬೇಡಿ. ನಿಮ್ಮ ಕೆಲಸದ ಪದಗಳನ್ನು ಮೊದಲು ಹಿಡಿಯಿರಿ: ನೀವು ಬಳಸುವ ಉಪಕರಣ, ಮಾಡುವ ಕ್ರಿಯೆ, ಸಾಮಾನ್ಯವಾಗಿ ಆಗುವ ದೋಷ. ಅವು 40–50ಕ್ಕಿಂತ ಹೆಚ್ಚಿರುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದಂತೆ ನಿಮ್ಮ ಐದಾರು ಘಟನೆಗಳನ್ನು ಪಟ್ಟಿ ಮಾಡಿಕೊಂಡು, ಅವನ್ನು ಆ ಪದಗಳಿಂದ ಪುಟ್ಟ ಪುಟ್ಟ ವಾಕ್ಯಗಳಲ್ಲಿ ಹೇಳಿ ಅಭ್ಯಾಸ ಮಾಡಿ. ಪ್ರಶ್ನೆ ಅರ್ಥವಾಗದಿದ್ದರೆ ಊಹಿಸಿ ಉತ್ತರಿಸಬೇಡಿ, ಇನ್ನೊಮ್ಮೆ ಹೇಳುವಂತೆ ಕೇಳಿ. ಹಾಗೆ ಕೇಳಿದವರ ಅಂಕವನ್ನು ನಾನು ಎಂದೂ ಕಡಿಮೆ ಮಾಡಿಲ್ಲ. ನನ್ನ ನೋಟ್‌ಬುಕ್‌ನ ಒಂದು ಪುಟಕ್ಕೆ ಬೇರೊಂದು ಹಾಳೆ ಪಿನ್ ಮಾಡಿದೆ. ಪದಕ್ಕೆ ತಡಕಾಡಿದ ಒಬ್ಬರು ಕಾಗದ ಕೇಳಿ ಪಡೆದು, ಪಂಪಿನೊಳಗಿನ ವಾಷರ್ ಎಲ್ಲಿ ಸವೆಯುತ್ತದೆ ಎಂದು ಬಿಡಿಸಿ ತೋರಿಸಿದ ಚಿತ್ರ ಅದು. ಬಾಣದ ಗುರುತು ಹಾಕಿ ನೀರು ಸೋರುವ ಜಾಗವನ್ನು ಎರಡು ಸಲ ತಿದ್ದಿದ್ದಾರೆ. ಅದನ್ನು ನೋಡಿದ ಮೇಲೆ ವ್ಯಾಕರಣದ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಪ್ರಶ್ನೆ: ಸಂಬಳ ಎಷ್ಟು ಬೇಕು ಎಂದು ಕೇಳಿದರೆ?

ಉತ್ತರ: ಅದೇ ಬಗೆಯ ಕೆಲಸದಲ್ಲಿರುವ ಇಬ್ಬರು ಮೂವರನ್ನು ಮೊದಲೇ ವಿಚಾರಿಸಿ, ಯಾವುದಕ್ಕಿಂತ ಕಡಿಮೆಗೆ ಒಪ್ಪಲಾರಿರಿ ಎಂಬ ಅಂಕಿಯನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಕೇಳಿದಾಗ ಒಂದು ಮಿತಿಯೊಳಗೆ ಹೇಳಿ, ಹೇಳಿದ ಮೇಲೆ ಸುಮ್ಮನಿರಿ. ತಡವರಿಸಿ ನೀವೇ ಇಳಿಸಬೇಡಿ. ಇಂಟರ್ನ್‌ಶಿಪ್ ಆದರೆ ಭತ್ಯೆ ಇದೆಯೇ, ಎಷ್ಟು ವಾರ, ದಿನಕ್ಕೆ ಎಷ್ಟು ಗಂಟೆ, ಕೆಲಸ ಕಲಿಸುವವರು ಯಾರು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ತಂದೆಯ ಕಾಯಿಲೆಯಲ್ಲಿ ಆರೈಕೆಗೆಂದು ನಾಲ್ಕು ವರ್ಷ ಕೆಲಸ ಬಿಟ್ಟಿದ್ದೆ. ಕಳೆದ ವರ್ಷ ಅವರು ತೀರಿಕೊಂಡರು. ಈಗ ಎಲ್ಲರೂ ಆ ನಾಲ್ಕು ವರ್ಷಗಳನ್ನೇ ಕೇಳುತ್ತಾರೆ. ಹೇಳುವಾಗ ಗಂಟಲು ಕಟ್ಟುತ್ತದೆ.

ಉತ್ತರ: ತಂದೆಯವರನ್ನು ಕಳೆದುಕೊಂಡ ನೋವಿನಲ್ಲಿಯೂ ಮತ್ತೆ ಹೊರಟಿದ್ದೀರಿ. ಗಂಟಲು ಕಟ್ಟುವುದನ್ನು ತಪ್ಪೆಂದು ತಿಳಿಯಬೇಡಿ.

ಆ ವರ್ಷಗಳಿಗೆ ಕ್ಷಮೆ ಕೇಳುವ ದನಿ ಬೇಡ. ಒಂದೇ ವಾಕ್ಯ ಸಿದ್ಧಪಡಿಸಿಕೊಳ್ಳಿ: ‘ತಂದೆಯ ಆರೈಕೆಗೆ ನಾಲ್ಕು ವರ್ಷ ಮನೆಯಲ್ಲಿದ್ದೆ, ಈಗ ಪೂರ್ತಿ ಸಮಯ ಕೆಲಸ ಮಾಡಲು ಸಾಧ್ಯ.’ ಅದನ್ನು ಕನ್ನಡಿಯ ಮುಂದೆ ಹೇಳುವ ಬದಲು ಒಬ್ಬ ಆಪ್ತರ ಮುಂದೆ ಹತ್ತು ಸಲ ಹೇಳಿ. ಮೊದಲ ಮೂರು ಸಲ ಅಳು ಬರಬಹುದು. ಅಲ್ಲಿಯೇ ಬಂದು ಹೋಗಲಿ.

ಆ ವಾಕ್ಯ ಮುಗಿದ ಕೂಡಲೇ ಮಾತನ್ನು ಕೆಲಸದ ಕಡೆ ತಿರುಗಿಸಿ. ಕೇಳುವವರ ನಿಜವಾದ ಅಳುಕು ಆ ನಾಲ್ಕು ವರ್ಷಗಳಲ್ಲಿ ಬದಲಾದದ್ದು ನಿಮಗೆ ಗೊತ್ತಿದೆಯೇ ಎಂಬುದು. ನಿಮ್ಮ ಕ್ಷೇತ್ರದಲ್ಲಿ ಬಂದ ಹೊಸ ಸಾಫ್ಟ್‌ವೇರ್ ಯಾವುದು, ಹೊಸ ನಿಯಮ ಯಾವುದು, ಅದರಲ್ಲಿ ನೀವು ಈಗಾಗಲೇ ಏನನ್ನು ಮಾಡಿ ನೋಡಿದ್ದೀರಿ ಎಂಬುದನ್ನು ಹೇಳಿ. ಹಳೆಯ ಸಹೋದ್ಯೋಗಿಯೊಬ್ಬರನ್ನು ಭೇಟಿಯಾಗಿ ಅರ್ಧ ದಿನ ಪಕ್ಕದಲ್ಲಿ ಕುಳಿತು ನೋಡಿದರೂ ಹೇಳಲು ವಿಷಯ ಸಿಗುತ್ತದೆ. ಮನೆಯಲ್ಲಿ ಮಾಡಿದ್ದರಲ್ಲಿಯೂ ಹೇಳತಕ್ಕದ್ದು ಇದ್ದೀತು. ಮೂವರು ವೈದ್ಯರು ಬರೆದ ಔಷಧಿಗಳನ್ನು ನೀವೇ ಪಟ್ಟಿ ಮಾಡಿ, ಎರಡು ಒಂದೇ ಎಂದು ಕಂಡುಹಿಡಿದಿರೆಂದು ಬರೆದಿದ್ದೀರಲ್ಲ, ಅದನ್ನು ನಾನು ನನ್ನ ನೋಟ್‌ಬುಕ್‌ನಲ್ಲಿ ಖಂಡಿತ ಬರೆದುಕೊಳ್ಳುತ್ತಿದ್ದೆ. ಹೇಳಬೇಕೋ ಬೇಡವೋ ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಪ್ರಶ್ನೆ: ಆರು ಸಂದರ್ಶನ ಮುಗಿಯಿತು. ಆರರಲ್ಲಿಯೂ ಇಲ್ಲ ಎಂದರು, ಕಾರಣ ಹೇಳಲಿಲ್ಲ. ನಾನು ಯಾವ ಕೆಲಸಕ್ಕೂ ಬಾರದವನೇ?

ಉತ್ತರ: ಅಲ್ಲ. ಆ ತೀರ್ಪು ಕೊಡುವ ಶಕ್ತಿ ಸಂದರ್ಶನಕ್ಕೆ ಇಲ್ಲವೇ ಇಲ್ಲ. ಅದರಲ್ಲೇ ಆಯುಷ್ಯ ಕಳೆದವಳಾಗಿ ಇದನ್ನು ಹೇಳುತ್ತಿದ್ದೇನೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿ ವಿಧಾನಗಳ ಬಗ್ಗೆ ದಶಕಗಳಿಂದ ನಡೆದ ಸಂಶೋಧನೆಗಳನ್ನು ಹೊಸದಾಗಿ ತೂಗಿ ನೋಡಿದರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಆ ವಿಧಾನಗಳ ಪೈಕಿ ಮೊದಲ ಸ್ಥಾನದಲ್ಲಿತ್ತು. ಅದಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ, ಪೂರ್ತಿ ತಾಳೆಯಾದರೆ 1, ಏನೂ ಇಲ್ಲದಿದ್ದರೆ 0 ಎಂಬ ಲೆಕ್ಕದಲ್ಲಿ, 0.42 ಮಾತ್ರ. ಮನಸ್ಸಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನದ್ದು 0.19. ಅಂದರೆ ನಾವು ತಪ್ಪುತ್ತೇವೆ, ಬಹಳ ಸಲ ತಪ್ಪುತ್ತೇವೆ. ಒಳ್ಳೆಯವರನ್ನು ನಾನೇ ಕೈಬಿಟ್ಟಿದ್ದೇನೆ. ಅವರಲ್ಲಿ ಕೆಲವರು ಬೇರೆ ಕಡೆ ಮಾಡಿದ ಕೆಲಸವನ್ನು ಆಮೇಲೆ ನೋಡಿ ಸಂಕಟಪಟ್ಟಿದ್ದೇನೆ.

ಕಾರಣ ಕೇಳಿ ಒಂದು ಪುಟ್ಟ ಮಿಂಚಂಚೆ ಬರೆಯಿರಿ. ‘ಏಕೆ ಆಯ್ಕೆಯಾಗಲಿಲ್ಲ’ ಎಂದು ಕೇಳಿದರೆ ಉತ್ತರ ಬರುವುದು ಅಪರೂಪ, ವಾದಕ್ಕೆ ಇಳಿಯುತ್ತಾರೆಂದು ಅವರಿಗೆ ಅಂಜಿಕೆ. ‘ಮುಂದಿನ ಸಲಕ್ಕೆ ನಾನು ಯಾವ ಒಂದು ವಿಷಯದಲ್ಲಿ ಇನ್ನಷ್ಟು ತಯಾರಾಗಬೇಕು’ ಎಂದು ಕೇಳಿ. ನನಗೆ ಹೀಗೆ ಬರೆದವರಿಗೆಲ್ಲ ಉತ್ತರಿಸಿದ್ದೇನೆ. ಇನ್ನೊಂದು ಕೆಲಸ: ಸಂದರ್ಶನ ಮುಗಿಸಿ ಹೊರಬಂದ ಅರ್ಧ ಗಂಟೆಯೊಳಗೆ ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ಯಾವ ಪ್ರಶ್ನೆಗೆ ಅವರು ಮುಂದಕ್ಕೆ ಬಾಗಿ ಕೇಳಿದರು, ಎಲ್ಲಿ ಕಾಗದ ತಿರುವಿದರು ಎಂಬುದನ್ನೂ ಬರೆಯಿರಿ. ಆರು ಸಂದರ್ಶನಗಳಿಂದ ಅಂಥ ಆರು ಪುಟ ನಿಮ್ಮ ಬಳಿ ಇದ್ದಿದ್ದರೆ ನನ್ನ ಉತ್ತರಕ್ಕಿಂತ ಅವೇ ಹೆಚ್ಚು ಹೇಳುತ್ತಿದ್ದವು. ಏಳನೆಯದರಿಂದ ಶುರು ಮಾಡಿ. ಅದು ಮುಗಿದ ಮೇಲೆ ನನಗೆ ಮತ್ತೆ ಬರೆಯಿರಿ, ಫಲಿತಾಂಶ ಏನೇ ಇರಲಿ.

ಪ್ರಶ್ನೆ: ಕೊನೆಯಲ್ಲಿ ‘ನಿಮಗೆ ಏನಾದರೂ ಕೇಳುವುದಿದೆಯೇ’ ಎನ್ನುತ್ತಾರೆ. ಏನಿಲ್ಲ ಎಂದರೆ ನಡೆಯುತ್ತದೆಯೇ?

ಉತ್ತರ: ಏನಿಲ್ಲ ಎನ್ನಬೇಡಿ. ಅಲ್ಲಿ ದಿನಕ್ಕೆ ಎಂಟು ಗಂಟೆ ಕಳೆಯಬೇಕಾದವರು ನೀವು, ಕೇಳುವುದು ಇದ್ದೇ ಇರುತ್ತದೆ. ಆ ಸಂಸ್ಥೆಯ ಜಾಲತಾಣದ ಮೊದಲ ಪುಟದಲ್ಲಿ ಸಿಗುವುದನ್ನು ಮಾತ್ರ ಕೇಳಬೇಡಿ.

ಒಬ್ಬರು ಕೇಳಿದ್ದು ನನ್ನ ಹಳೆಯ ನೋಟ್‌ಬುಕ್‌ನಲ್ಲಿದೆ: ‘ಈ ಜಾಗದಲ್ಲಿ ಮೊದಲಿದ್ದವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಯಾವುದು?’ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಸಹೋದ್ಯೋಗಿ ಎದ್ದು ಹೋಗಿ, ಕಪಾಟಿನ ಕೆಳಗಿನ ಹಲಗೆಯಿಂದ ಧೂಳು ಹಿಡಿದ ಒಂದು ದಪ್ಪ ಫೈಲನ್ನು ತಂದು ಆಕೆಯ ಮುಂದಿಟ್ಟರು. ಆಕೆ ಬ್ಯಾಗನ್ನು ಮತ್ತೆ ಕೆಳಗಿಟ್ಟು, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ಮೊದಲ ಪುಟದಿಂದ ಓದತೊಡಗಿದರು.